ಹೆಸರು ಒಂದೇ, ಸಂಬಳ ಬೇರೆ: ಇಡಿಐ ವೃತ್ತಿಯ ಹುದ್ದೆಗಳೂ ವೇತನವೂ

ಕಂಪನಿಗಳ ಕಂಪ್ಯೂಟರುಗಳ ನಡುವೆ ನಡೆಯುವ ದಾಖಲೆ ವಿನಿಮಯಕ್ಕೆ ಇಡಿಐ ಎಂದು ಹೆಸರು. ಅಮೆರಿಕದ ಉದ್ಯೋಗ ಜಾಹೀರಾತುಗಳಲ್ಲಿ ‘ಇಡಿಐ ಅನಲಿಸ್ಟ್’ ಎಂದು ಹುಡುಕಿದವರಿಗೆ ಒಂದೇ ಹೆಸರಿನ ಅಡಿಯಲ್ಲಿ ಪರಸ್ಪರ ಸಂಬಂಧವೇ ಇಲ್ಲವೆನಿಸುವ ಕೆಲಸಗಳು ಎದುರಾಗುತ್ತವೆ. ಒಂದು ಕಂಪನಿಯಲ್ಲಿ ಆ ಹುದ್ದೆಯವರು ರಾತ್ರಿ ಬಂದ ಆರ್ಡರುಗಳ ಪಟ್ಟಿಯನ್ನು ಬೆಳಿಗ್ಗೆ ನೋಡಿ, ಬಾರದೆ ಉಳಿದವುಗಳ ಬಗ್ಗೆ ಇಮೇಲ್ ಬರೆಯುತ್ತಾರೆ. ಇನ್ನೊಂದರಲ್ಲಿ ಒಬ್ಬ ವ್ಯಾಪಾರಿಯ ಕಡತದ ರಚನೆಯನ್ನು ಇನ್ನೊಬ್ಬನ ಕಂಪ್ಯೂಟರ್ ಓದಬಲ್ಲ ರಚನೆಗೆ ಪರಿವರ್ತಿಸುವ ಪ್ರೋಗ್ರಾಂ ಬರೆಯುತ್ತಾರೆ. ಮೂರನೆಯದರಲ್ಲಿ ಆಸ್ಪತ್ರೆಯೊಂದು ಕಳುಹಿಸಿದ ವಿಮಾ ಕ್ಲೈಮುಗಳು ಏಕೆ ತಿರಸ್ಕೃತವಾದವು ಎಂಬುದನ್ನು ಸಾಲು ಸಾಲಾಗಿ ಓದಿ ಪತ್ತೆ ಹಚ್ಚುತ್ತಾರೆ. ಹೆಸರು ಒಂದೇ ಆದರೂ ಈ ಮೂವರ ಸಂಬಳದಲ್ಲಿ ದೊಡ್ಡ ಅಂತರವಿರುತ್ತದೆ. ಆದ್ದರಿಂದ ಈ ಕ್ಷೇತ್ರದ ವೇತನವನ್ನು ಅರ್ಥಮಾಡಿಕೊಳ್ಳಲು ಹುದ್ದೆಯ ಹೆಸರನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ಒಂದು ದಾಖಲೆ ತಪ್ಪಾದಾಗ ಯಾರಿಗೆ ಎಷ್ಟು ನಷ್ಟವಾಗುತ್ತದೆ, ಅದನ್ನು ಸರಿಪಡಿಸುವ ಜ್ಞಾನ ಯಾರಲ್ಲಿದೆ ಎಂದು ಕೇಳಬೇಕಾಗುತ್ತದೆ.

ಇಡಿಐ, ಅಂದರೆ ಎಲೆಕ್ಟ್ರಾನಿಕ್ ಡೇಟಾ ಇಂಟರ್‌ಚೇಂಜ್, ಹೊಸ ವಿದ್ಯೆಯೇನೂ ಅಲ್ಲ. 1948-49ರಲ್ಲಿ ಬರ್ಲಿನ್ ನಗರಕ್ಕೆ ವಿಮಾನಗಳ ಮೂಲಕ ಸಾಮಗ್ರಿ ಸಾಗಿಸುವಾಗ ಸರಕಿನ ಪಟ್ಟಿಗಳನ್ನು ಟೆಲೆಕ್ಸ್ ಮತ್ತು ದೂರವಾಣಿಯಲ್ಲಿ ರವಾನಿಸಲು ಒಂದೇ ನಮೂನೆ ಬೇಕಾಯಿತು. ಆ ನಮೂನೆಯನ್ನು ರೂಪಿಸಿದವರಲ್ಲಿ ಅಮೆರಿಕದ ಸೈನ್ಯದ ಎಡ್ವರ್ಡ್ ಗಿಲ್ಬರ್ಟ್ ಪ್ರಮುಖರು. ಅವರೇ ಮುಂದೆ ಡುಪಾಂಟ್ ಕಂಪನಿಯಲ್ಲಿದ್ದಾಗ ಇದೇ ಯೋಚನೆಯನ್ನು ಸರಕು ಸಾಗಣೆಯ ಸಂದೇಶಗಳಿಗೆ ಅನ್ವಯಿಸಿದರು. 1968ರಲ್ಲಿ ಸಾರಿಗೆ ಉದ್ಯಮದವರು ಸೇರಿ ಒಂದು ಸಮಿತಿ ಕಟ್ಟಿಕೊಂಡರು, 1975ರಲ್ಲಿ ಅದರ ಮೊದಲ ಮಾನದಂಡಗಳು ಪ್ರಕಟವಾದವು, 1979ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಎಕ್ಸ್12 ಸಮಿತಿಯನ್ನು ರಚಿಸಿತು. ಆ ಸಮಿತಿಯ ಮಾನದಂಡಕ್ಕೂ ಎಕ್ಸ್12 ಎಂದೇ ಹೆಸರು. ಯುರೋಪ್ ಮತ್ತು ಏಷ್ಯಾದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಎಡಿಫ್ಯಾಕ್ಟ್ ಎಂಬ ವಿಶ್ವಸಂಸ್ಥೆಯ ಮಾನದಂಡ 1980ರ ದಶಕದ ಕೊನೆಗೆ ರೂಪುಗೊಂಡಿತು. ಇವೆಲ್ಲದರ ತಿರುಳು ಸರಳವಾದದ್ದು: ಒಂದು ಕಂಪನಿಯ ಕಂಪ್ಯೂಟರ್ ಇನ್ನೊಂದು ಕಂಪನಿಯ ಕಂಪ್ಯೂಟರಿಗೆ, ನಡುವೆ ಯಾವ ಗುಮಾಸ್ತನೂ ಮರುಟೈಪ್ ಮಾಡದಂತೆ, ಖರೀದಿ ಆದೇಶ, ಸಾಗಣೆಯ ಸೂಚನೆ, ಬಿಲ್ಲು ಮೊದಲಾದವನ್ನು ಒಪ್ಪಿತ ನಮೂನೆಯಲ್ಲಿ ಕಳುಹಿಸುವುದು.

ಒಂದು ಆರ್ಡರಿನ ಹಿಂದೆ ಎಷ್ಟು ಜನ

ಹುದ್ದೆಗಳ ಹೆಸರುಗಳನ್ನು ಪಟ್ಟಿ ಮಾಡಿ ಕಲಿಯುವುದಕ್ಕಿಂತ, ಒಂದೇ ಒಂದು ಖರೀದಿ ಆದೇಶದ ಬೆನ್ನು ಹತ್ತಿ ಹೋದರೆ ಅವು ತಾವಾಗಿ ಬಿಡಿಸಿಕೊಳ್ಳುತ್ತವೆ. ಒಹಾಯೋದಲ್ಲಿ ಅಡುಗೆ ಪಾತ್ರೆ ತಯಾರಿಸುವ ಒಂದು ಮಧ್ಯಮ ಗಾತ್ರದ ಕಂಪನಿ, ದೊಡ್ಡ ಚಿಲ್ಲರೆ ಮಳಿಗೆ ಸರಪಳಿಯೊಂದಕ್ಕೆ ಮಾಲು ಪೂರೈಸಲು ಒಪ್ಪಿಕೊಂಡಿದೆ ಎಂದು ಭಾವಿಸೋಣ.

ಮಳಿಗೆ ಸರಪಳಿ ಮೊದಲು ನೂರಾರು ಪುಟಗಳ ಒಂದು ಮಾರ್ಗದರ್ಶಿಯನ್ನು ಕೊಡುತ್ತದೆ: ತನ್ನ 850 ಎಂಬ ಖರೀದಿ ಆದೇಶ ಹೇಗಿರುತ್ತದೆ, ಅದಕ್ಕೆ 855 ಎಂಬ ಒಪ್ಪಿಗೆ ಎಷ್ಟು ಗಂಟೆಯೊಳಗೆ ಬರಬೇಕು, ಮಾಲು ಹೊರಟಾಗ 856 ಎಂಬ ಮುಂಗಡ ಸಾಗಣೆ ಸೂಚನೆ ಯಾವಾಗ ತಲುಪಬೇಕು, ಕೊನೆಗೆ 810 ಎಂಬ ಬಿಲ್ಲು ಹೇಗಿರಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಈ ಪುಸ್ತಕವನ್ನು ಓದಿ, ಎರಡೂ ಕಡೆಯ ಸಂಪರ್ಕವನ್ನು ಜೋಡಿಸಿ, ಪರೀಕ್ಷಾ ಕಡತಗಳನ್ನು ಕಳುಹಿಸಿ, ‘ಇನ್ನು ನಿಜವಾದ ಆರ್ಡರ್ ಬರಲಿ’ ಎನ್ನುವ ಹಂತಕ್ಕೆ ತರುವವರಿಗೆ ಆನ್‌ಬೋರ್ಡಿಂಗ್ ಸ್ಪೆಷಲಿಸ್ಟ್ ಅಥವಾ ಇಂಪ್ಲಿಮೆಂಟೇಶನ್ ಕನ್ಸಲ್ಟಂಟ್ ಎಂಬ ಹೆಸರಿದೆ. ಮಿನಿಯಾಪೊಲಿಸ್‌ನ ಎಸ್‌ಪಿಎಸ್ ಕಾಮರ್ಸ್‌ನಂತಹ, ಇಡಿಐಯನ್ನೇ ಸೇವೆಯಾಗಿ ಮಾರುವ ಕಂಪನಿಗಳಲ್ಲಿ ಈ ಬಗೆಯ ಕೆಲಸಕ್ಕೆ ದೊಡ್ಡ ಪಾತ್ರವಿದೆ. ಸಂವಹನ ಕೌಶಲ ಇಲ್ಲಿ ತಾಂತ್ರಿಕ ಕೌಶಲದಷ್ಟೇ ಮುಖ್ಯ, ಏಕೆಂದರೆ ಆಚೆ ಬದಿಯ ಪೂರೈಕೆದಾರನ ಬಳಿ ಅನೇಕ ಸಲ ಕಂಪ್ಯೂಟರ್ ವಿಭಾಗವೇ ಇರುವುದಿಲ್ಲ.

ಕಡತ ಬಂದ ಮೇಲೆ ಅದನ್ನು ಪಾತ್ರೆ ಕಂಪನಿಯ ಸ್ಯಾಪ್ ಅಥವಾ ಬೇರಾವುದೋ ಲೆಕ್ಕ ವ್ಯವಸ್ಥೆಗೆ ಅರ್ಥವಾಗುವಂತೆ ತಿರುಗಿಸಬೇಕು. ಎಕ್ಸ್12 ಕಡತದ ಮೊದಲ ಸಾಲು ಸರಿಯಾಗಿ 106 ಅಕ್ಷರಗಳದ್ದು. ಅದರಲ್ಲಿ ಕಳುಹಿಸಿದವರು ಯಾರು, ಪಡೆಯುವವರು ಯಾರು, ಮುಂದೆ ಯಾವ ಚಿಹ್ನೆ ಪದಗಳನ್ನು ಬೇರ್ಪಡಿಸುತ್ತದೆ ಎಂಬ ವಿವರಗಳಿರುತ್ತವೆ. ಅದರ ಕೆಳಗಿನ ಪ್ರತಿಯೊಂದು ಸಾಲಿನ ಪ್ರತಿಯೊಂದು ಅಂಶವನ್ನು ಸ್ಯಾಪ್‌ನ ಐಡಾಕ್ ಎಂಬ ರಚನೆಯ ಯಾವ ಜಾಗಕ್ಕೆ ಹಾಕಬೇಕೆಂಬ ನಿಯಮಗಳ ಕಟ್ಟಿಗೆ ‘ಮ್ಯಾಪ್’ ಎನ್ನುತ್ತಾರೆ. ಅದನ್ನು ಬರೆಯುವವರೇ ಇಡಿಐ ಮ್ಯಾಪರ್ ಅಥವಾ ಇಡಿಐ ಡೆವಲಪರ್. ಐಬಿಎಂ ಸ್ಟರ್ಲಿಂಗ್, ಓಪನ್‌ಟೆಕ್ಸ್ಟ್, ಕ್ಲಿಯೊ, ಸೀಬರ್ಗರ್, ಬೂಮಿ ಮುಂತಾದವು ಅವರ ಸಲಕರಣೆಗಳು. ಕೆಲಸ ಕೇಳಲು ಸುಲಭವೆನಿಸುತ್ತದೆ. ಆದರೆ ಆರ್ಡರಿನಲ್ಲಿ ‘ಡಜನ್’ ಎಂದಿರುವುದು ಇಲ್ಲಿ ‘ಪೆಟ್ಟಿಗೆ’ಯೋ ‘ಬಿಡಿ’ಯೋ ಎಂಬಲ್ಲಿ ಒಮ್ಮೆ ಎಡವಿದರೆ ಹನ್ನೆರಡು ಪಟ್ಟು ಮಾಲು ಹೊರಡುತ್ತದೆ.

ಕಡತಗಳು ಓಡಾಡುವ ದಾರಿಯನ್ನು ನೋಡಿಕೊಳ್ಳುವವರು ಇಡಿಐ ಅಡ್ಮಿನಿಸ್ಟ್ರೇಟರ್. ಹಿಂದೆ ಈ ದಾರಿಯೆಂದರೆ ಮುಖ್ಯವಾಗಿ ‘ವ್ಯಾನ್’ ಎಂದು ಕರೆಯುವ ಖಾಸಗಿ ಜಾಲಗಳು. ಅವು ಅಂಚೆ ಪೆಟ್ಟಿಗೆಯಂತೆ ಕಡತಗಳನ್ನು ಹಿಡಿದಿಟ್ಟು, ಸಾವಿರ ಅಕ್ಷರಕ್ಕೆ ಇಷ್ಟೆಂದು ಶುಲ್ಕ ವಸೂಲಿ ಮಾಡುತ್ತಿದ್ದವು. 2002ರಲ್ಲಿ ವಾಲ್‌ಮಾರ್ಟ್ ತನ್ನ ಪೂರೈಕೆದಾರರು ಅಂತರ್ಜಾಲದ ಮೇಲೆ ನೇರವಾಗಿ ಓಡುವ ಎಎಸ್2 ಎಂಬ ವಿಧಾನಕ್ಕೆ ಬರಬೇಕೆಂದು ಪಟ್ಟು ಹಿಡಿದ ಮೇಲೆ ಆ ವಿಧಾನ ಉದ್ಯಮವಿಡೀ ಹರಡಿತು. ಅಂದಿನಿಂದ ಎಎಸ್2ಗೆ ಬೇಕಾದ ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿಯುವ ದಿನವನ್ನು ಮರೆಯದಿರುವುದು ಅಡ್ಮಿನಿಸ್ಟ್ರೇಟರುಗಳ ನಿತ್ಯದ ಚಿಂತೆಗಳಲ್ಲಿ ಒಂದು.

ಎಲ್ಲವೂ ನಡೆಯುತ್ತಿರುವಾಗ ದಿನನಿತ್ಯದ ಕಡತಗಳ ಮೇಲೆ ಕಣ್ಣಿಡುವವರು ಇಡಿಐ ಕೋಆರ್ಡಿನೇಟರ್, ಸ್ಪೆಷಲಿಸ್ಟ್ ಅಥವಾ ಸಪೋರ್ಟ್ ಅನಲಿಸ್ಟ್. ಇವರು ಬಹು ಬೇಗ ಕಲಿಯಬೇಕಾದ ಪಾಠವೊಂದಿದೆ: 997 ಎಂಬ ಸ್ವೀಕೃತಿ ಬಂದಿತೆಂದರೆ ಕಡತದ ವ್ಯಾಕರಣ ಸರಿಯಿದೆ ಎಂದಷ್ಟೇ ಅರ್ಥ, ಆರ್ಡರನ್ನೋ ಬಿಲ್ಲನ್ನೋ ಆಚೆಯವರು ಒಪ್ಪಿಕೊಂಡರೆಂದು ಅರ್ಥವಲ್ಲ. ಈ ಒಂದು ವ್ಯತ್ಯಾಸವನ್ನು ಗ್ರಾಹಕನಿಗೆ ವಿವರಿಸಬಲ್ಲವನು ಕೋಆರ್ಡಿನೇಟರ್ ಮೆಟ್ಟಿಲಿನಿಂದ ಅನಲಿಸ್ಟ್ ಮೆಟ್ಟಿಲಿಗೆ ಏರಲು ಸಿದ್ಧನಾಗಿದ್ದಾನೆ ಎನ್ನಬಹುದು.

ಮೇಲಿನ ಹಂತದಲ್ಲಿ ಇಡಿಐ ಮ್ಯಾನೇಜರ್, ಇಂಟಿಗ್ರೇಷನ್ ಆರ್ಕಿಟೆಕ್ಟ್, ಬಿ2ಬಿ (ಕಂಪನಿ ಕಂಪನಿಗಳ ನಡುವಿನ ವಹಿವಾಟು) ವಿಭಾಗದ ಡೈರೆಕ್ಟರ್ ಎಂಬ ಹುದ್ದೆಗಳಿವೆ. ಸಣ್ಣ ಕಂಪನಿಯಲ್ಲಿ ಈವರೆಗೆ ಹೇಳಿದ ಎಲ್ಲ ಕೆಲಸವನ್ನೂ ಒಬ್ಬರೇ ಮಾಡುತ್ತಿರುತ್ತಾರೆ, ಮತ್ತು ಅವರ ಗುರುತಿನ ಚೀಟಿಯ ಮೇಲೆ ಇರುವುದು ಅದೇ ‘ಇಡಿಐ ಅನಲಿಸ್ಟ್’.

ನಷ್ಟ ಎಲ್ಲಿದೆಯೋ ಸಂಬಳ ಅಲ್ಲಿದೆ

ಒಂದೇ ಮ್ಯಾಪಿಂಗ್ ಕೌಶಲಕ್ಕೆ ಉದ್ಯಮದಿಂದ ಉದ್ಯಮಕ್ಕೆ ಬೇರೆ ಬೆಲೆ ಇರುವುದೇಕೆ ಎಂಬುದನ್ನು ಅರಿಯಲು ತಪ್ಪಿನ ಬೆಲೆಯನ್ನು ನೋಡಬೇಕು.

ಚಿಲ್ಲರೆ ವ್ಯಾಪಾರದಲ್ಲಿ ತಪ್ಪಿನ ಬೆಲೆಗೆ ‘ಚಾರ್ಜ್‌ಬ್ಯಾಕ್’ ಎಂದು ಹೆಸರು. ಪೆಟ್ಟಿಗೆಯ ಮೇಲಿನ ಲೇಬಲ್ಲಿನಲ್ಲಿರುವ 18 ಅಂಕಿಗಳ ಸಂಖ್ಯೆ, ಮುಂಗಡ ಸಾಗಣೆ ಸೂಚನೆಯಲ್ಲಿರುವ ಸಂಖ್ಯೆಗೆ ಹೊಂದಬೇಕು. ಹೊಂದದಿದ್ದರೆ, ಅಥವಾ ಸೂಚನೆಗಿಂತ ಮೊದಲೇ ಲಾರಿ ತಲುಪಿಬಿಟ್ಟರೆ, ಮಳಿಗೆ ಸರಪಳಿ ಬಿಲ್ಲಿನಿಂದ ದಂಡ ಕಡಿದುಕೊಂಡು ಉಳಿದದ್ದನ್ನು ಪಾವತಿಸುತ್ತದೆ. ಸರಿಯಾದ ಸಮಯಕ್ಕೆ ಪೂರ್ಣ ಪ್ರಮಾಣದಲ್ಲಿ ಮಾಲು ತಲುಪಿಸದ ಪೂರೈಕೆದಾರರಿಗೆ ವಾಲ್‌ಮಾರ್ಟ್ 2017ರಲ್ಲಿ ತಂದ ನಿಯಮದಲ್ಲಿ ಮಾಲಿನ ವೆಚ್ಚದ ಶೇ 3ರಷ್ಟು ದಂಡವಿದೆ. ಲಾಭದ ಅಂಚು ತೆಳುವಾಗಿರುವ ವ್ಯಾಪಾರದಲ್ಲಿ ಶೇ 3 ಎಂದರೆ ಕಡಿಮೆಯೇನಲ್ಲ. ಆದರೂ ಈ ನಷ್ಟ ಹನಿಹನಿಯಾಗಿ ಸೋರುವಂಥದ್ದು. ಲೆಕ್ಕ ವಿಭಾಗದವರು ಅದನ್ನು ಬೇರೆ ಖಾತೆಗೆ ಬರೆದು ಸುಮ್ಮನಿರುವುದೂ ಉಂಟು. ಹೀಗೆ ಸೋರುವ ಹಣವನ್ನು ಯಾರೂ ಎಣಿಸದ ಕಂಪನಿಯಲ್ಲಿ ಇಡಿಐ ಹುದ್ದೆ ಗುಮಾಸ್ತಿಕೆಯಾಗಿ ಉಳಿದುಬಿಡುತ್ತದೆ. ವರ್ಷಕ್ಕೆ ಎಷ್ಟು ದಂಡ ಕಟ್ಟಿದೆವು, ನನ್ನ ಕೆಲಸದಿಂದ ಅದರಲ್ಲಿ ಎಷ್ಟು ತಗ್ಗಿತು ಎಂದು ಅಂಕಿ ಸಹಿತ ತೋರಿಸಬಲ್ಲ ಅನಲಿಸ್ಟ್ ವೇತನ ಪರಿಷ್ಕರಣೆಯ ಮಾತುಕತೆಗೆ ಕೂರುವಾಗ ಬೇರೆಯೇ ನೆಲೆಯಲ್ಲಿರುತ್ತಾನೆ.

ವಾಹನ ತಯಾರಿಕೆಯಲ್ಲಿ ನಷ್ಟ ಸೋರುವುದಿಲ್ಲ, ಒಮ್ಮೆಲೇ ಸಿಡಿಯುತ್ತದೆ. ಅಲ್ಲಿ 830 ಎಂಬ ಮುನ್ಸೂಚನೆ, 862 ಎಂಬ ಸಾಗಣೆಯ ವೇಳಾಪಟ್ಟಿ, 866 ಎಂಬ ಜೋಡಣೆ ಕ್ರಮದ ಸಂದೇಶ ಇವು ಬಿಡಿಭಾಗ ಪೂರೈಕೆದಾರನಿಗೆ ಹೋಗುತ್ತಿರಬೇಕು. ಗೋದಾಮಿನಲ್ಲಿ ಹೆಚ್ಚು ದಾಸ್ತಾನು ಇಡದೆ ಬೇಕಾದ ಹೊತ್ತಿಗೆ ಬೇಕಾದಷ್ಟೇ ತರಿಸಿಕೊಳ್ಳುವ ಪದ್ಧತಿಯಾದ್ದರಿಂದ, ಸಂದೇಶ ನಿಂತರೆ ಸೀಟು ಬರುವುದಿಲ್ಲ, ಸೀಟು ಬಾರದಿದ್ದರೆ ಜೋಡಣಾ ಸಾಲು ನಿಲ್ಲುತ್ತದೆ. ಆದ್ದರಿಂದಲೇ ಈ ಉದ್ಯಮದಲ್ಲಿ ನಡುರಾತ್ರಿಯ ಕರೆಗೆ ಎದ್ದು ಕೂರಬಲ್ಲ ಅನುಭವಿಗೆ ಬೆಲೆಯಿದೆ.

ಆರೋಗ್ಯ ವಿಮೆ ಮಾತ್ರ ಪ್ರತ್ಯೇಕ ಲೋಕ. ಅಮೆರಿಕದ 1996ರ ಹಿಪಾ ಕಾನೂನಿನ ನಿಯಮಗಳಡಿ ವಿದ್ಯುನ್ಮಾನ ಕ್ಲೈಮುಗಳು ನಿಗದಿತ ಎಕ್ಸ್12 ನಮೂನೆಯಲ್ಲೇ ಇರಬೇಕು: 837 ಎಂದರೆ ಕ್ಲೈಮು, 835 ಎಂದರೆ ಪಾವತಿಯ ವಿವರ, 834 ಎಂದರೆ ಸದಸ್ಯರ ನೋಂದಣಿ, 270 ಮತ್ತು 271 ಎಂದರೆ ಅರ್ಹತೆಯ ಪ್ರಶ್ನೆ ಹಾಗೂ ಉತ್ತರ. ಉಳಿದ ಉದ್ಯಮಗಳಲ್ಲಿ ಇಡಿಐ ಎಂಬುದು ದೊಡ್ಡ ಗ್ರಾಹಕನ ಒತ್ತಾಯ. ಇಲ್ಲಿ ಅದು ಕಾನೂನು. ಕಾನೂನು ಬದಲಾದಾಗಲೆಲ್ಲ ಕೆಲಸ ಉಕ್ಕುತ್ತದೆ. 2012ರ ಜನವರಿ 1ರಿಂದ ಹಳೆಯ 4010 ಆವೃತ್ತಿಯ ಬದಲು 5010 ಆವೃತ್ತಿ ಕಡ್ಡಾಯವಾದಾಗ, ಮತ್ತೆ 2015ರ ಅಕ್ಟೋಬರ್ 1ರಿಂದ ಐಸಿಡಿ-10 ರೋಗಸಂಕೇತಗಳು ಜಾರಿಗೆ ಬಂದಾಗ, ವಿಮಾ ಕಂಪನಿಗಳೂ ಆಸ್ಪತ್ರೆಗಳೂ ತಮ್ಮ ಮ್ಯಾಪುಗಳನ್ನು ಹೊಸದಾಗಿ ಪರೀಕ್ಷಿಸಬೇಕಾಯಿತು. 2024ರ ಫೆಬ್ರುವರಿಯಲ್ಲಿ ಚೇಂಜ್ ಹೆಲ್ತ್‌ಕೇರ್ ಎಂಬ ಬೃಹತ್ ಕ್ಲೈಮು ವಿನಿಮಯ ಸಂಸ್ಥೆಯ ಮೇಲೆ ಸೈಬರ್ ದಾಳಿಯಾದಾಗ ಅಮೆರಿಕದ ಉದ್ದಗಲಕ್ಕೂ ಆಸ್ಪತ್ರೆಗಳ ಹಣದ ಹರಿವು ಕುಂಠಿತವಾಯಿತು. ಈ ಕಡತಗಳು ಎಷ್ಟು ಮುಖ್ಯವೆಂಬುದು ಆಡಳಿತ ಮಂಡಳಿಗಳಿಗೂ ಆಗಲೇ ತಟ್ಟಿತೆನ್ನಬಹುದು. ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು: ಈ ಉದ್ಯಮದಲ್ಲಿ ‘ಇಡಿಐ ಎನ್‌ರೋಲ್‌ಮೆಂಟ್ ಸ್ಪೆಷಲಿಸ್ಟ್’ ಎಂಬ ಹುದ್ದೆಯೂ ಇದೆ. ವೈದ್ಯರನ್ನು ವಿಮಾ ಕಂಪನಿಯ ವ್ಯವಸ್ಥೆಗೆ ನೋಂದಾಯಿಸುವ ಅರ್ಜಿಗಳನ್ನು ತುಂಬುವುದೇ ಅದರ ಮುಖ್ಯ ಕೆಲಸ. ಹೆಸರಿನಲ್ಲಿ ಇಡಿಐ ಇದೆಯೆಂದು ಡೆವಲಪರ್ ಅದಕ್ಕೆ ಅರ್ಜಿ ಹಾಕಿದರೆ ಸಂಬಳದ ಅಂಕಿ ನೋಡಿ ಬೆಚ್ಚುವುದು ಖಚಿತ.

ಅಂಕಿಗಳನ್ನು ಎಲ್ಲಿ ಹುಡುಕಬೇಕು

ಈ ವೃತ್ತಿಯ ವೇತನ ತಿಳಿಯುವುದು ಕಷ್ಟವಾಗಿರುವುದಕ್ಕೆ ಮೊದಲ ಕಾರಣ, ಅಮೆರಿಕ ಸರ್ಕಾರದ ಕಾರ್ಮಿಕ ಅಂಕಿಅಂಶಗಳ ಬ್ಯೂರೊ ಇಡಿಐಯನ್ನು ಪ್ರತ್ಯೇಕ ಉದ್ಯೋಗವಾಗಿ ಎಣಿಸದಿರುವುದು. ಕಂಪನಿ ತನ್ನ ಇಡಿಐ ಅನಲಿಸ್ಟನನ್ನು ಸಾಮಾನ್ಯವಾಗಿ ‘ಕಂಪ್ಯೂಟರ್ ಸಿಸ್ಟಮ್ಸ್ ಅನಲಿಸ್ಟ್’ ವರ್ಗಕ್ಕೆ ಸೇರಿಸುತ್ತದೆ. 2024ರ ಮೇ ತಿಂಗಳ ಲೆಕ್ಕದಲ್ಲಿ ಆ ವರ್ಗದ ಮಧ್ಯಾಂಕ ವೇತನ ವರ್ಷಕ್ಕೆ 1,03,790 ಡಾಲರ್. ಮಧ್ಯಾಂಕ ಎಂದರೆ ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು, ಇನ್ನರ್ಧ ಜನ ಕಡಿಮೆ ಪಡೆಯುತ್ತಾರೆ ಎಂದರ್ಥ. ಅದೇ ಲೆಕ್ಕದಲ್ಲಿ ಸಾಫ್ಟ್‌ವೇರ್ ಡೆವಲಪರ್ ವರ್ಗದ ಮಧ್ಯಾಂಕ 1,33,080 ಡಾಲರ್. ಬಳಕೆದಾರರಿಗೆ ಕಂಪ್ಯೂಟರ್ ನೆರವು ನೀಡುವವರದು ಸುಮಾರು 60,000 ಡಾಲರ್. ದತ್ತಾಂಶ ನಮೂದಿಸುವ ಗುಮಾಸ್ತರದು, 2023ರ ಲೆಕ್ಕದಂತೆ, ಸುಮಾರು 38,000 ಡಾಲರ್.

ಈ ನಾಲ್ಕು ಅಂಕಿಗಳನ್ನು ಮೆಟ್ಟಿಲುಗಳಂತೆ ಕಲ್ಪಿಸಿಕೊಂಡರೆ ಇಡಿಐ ಹುದ್ದೆಗಳು ಅವುಗಳ ನಡುವೆ ಎಲ್ಲಿ ಕೂರುತ್ತವೆ ಎಂಬುದನ್ನು ಊಹಿಸಬಹುದು. ಕೋಆರ್ಡಿನೇಟರ್ ಹುದ್ದೆ ಕೆಳಗಿನ ಎರಡು ಮೆಟ್ಟಿಲುಗಳ ಸುತ್ತಮುತ್ತ ಇರುತ್ತದೆ. ಬೆಂಬಲದ ಜೊತೆಗೆ ಅಲ್ಪಸ್ವಲ್ಪ ಮ್ಯಾಪಿಂಗ್ ಮಾಡುವ ಅನಲಿಸ್ಟ್, ನೆರವು ವಿಭಾಗದ ಮೆಟ್ಟಿಲು ದಾಟಿ ಸಿಸ್ಟಮ್ಸ್ ಅನಲಿಸ್ಟ್ ಮೆಟ್ಟಿಲಿನತ್ತ ಏರುತ್ತಿರುತ್ತಾನೆ. ಸ್ಟರ್ಲಿಂಗ್ ಅಥವಾ ಸ್ಯಾಪ್ ಮೇಲೆ ಸ್ವತಂತ್ರವಾಗಿ ಕೆಲಸ ಮಾಡಬಲ್ಲ ಡೆವಲಪರ್ ಆ ಮೆಟ್ಟಿಲಿನ ಆಸುಪಾಸಿನಲ್ಲಿ, ಆರ್ಕಿಟೆಕ್ಟ್ ಮೇಲಿನ ಮೆಟ್ಟಿಲಿನ ಹತ್ತಿರದಲ್ಲಿ ನಿಲ್ಲುತ್ತಾರೆ. ಇದು ನನ್ನ ಅಂದಾಜೇ ಹೊರತು ಬ್ಯೂರೊದ ಲೆಕ್ಕವಲ್ಲ. ಗಮನಿಸಬೇಕಾದ ವಿಷಯ ಬೇರೆಯಿದೆ: ಅನಲಿಸ್ಟ್ ಮತ್ತು ಡೆವಲಪರ್ ವರ್ಗಗಳ ಮಧ್ಯಾಂಕಗಳ ನಡುವೆ 29,290 ಡಾಲರುಗಳ ವ್ಯತ್ಯಾಸವಿದೆ. ದಿನವಿಡೀ ಪ್ರೋಗ್ರಾಂ ಬರೆಯುವವನನ್ನು ಕಂಪನಿ ‘ಅನಲಿಸ್ಟ್’ ಪಟ್ಟಿಯಲ್ಲಿ ಇಟ್ಟಿದ್ದರೆ, ಮಾರುಕಟ್ಟೆಯೊಂದಿಗೆ ಅವನ ವೇತನವನ್ನು ಹೋಲಿಸುವಾಗಲೂ ಮಾನವ ಸಂಪನ್ಮೂಲ ವಿಭಾಗ ಅದೇ ಪಟ್ಟಿಯನ್ನು ತೆರೆಯುತ್ತದೆ. ಹುದ್ದೆಯ ಹೆಸರು ವೇತನವನ್ನು ಹೇಳುವುದಿಲ್ಲ ಎಂದೆ. ಆದರೆ ಹೀಗೆ ಕಟ್ಟಿಹಾಕುವ ಶಕ್ತಿ ಅದಕ್ಕಿದೆ.

ಎರಡನೆಯ ತೊಡಕು ತುಸು ತಮಾಷೆಯದು. ಬ್ರಿಟನ್ ಮತ್ತು ಕೆನಡಾದಲ್ಲಿ ಇಡಿಐ ಎಂಬ ಮೂರಕ್ಷರಕ್ಕೆ ಇನ್ನೊಂದು ವಿಸ್ತರಣೆಯಿದೆ: ಸಮಾನತೆ, ವೈವಿಧ್ಯ ಮತ್ತು ಒಳಗೊಳ್ಳುವಿಕೆ. ವಿಶ್ವವಿದ್ಯಾಲಯಗಳೂ ಸ್ಥಳೀಯ ಆಡಳಿತಗಳೂ ‘ಇಡಿಐ ಮ್ಯಾನೇಜರ್’ ಬೇಕೆಂದು ಜಾಹೀರಾತು ಕೊಟ್ಟಾಗ ಅವರಿಗೆ ಬೇಕಾಗಿರುವುದು ಸಿಬ್ಬಂದಿಯಲ್ಲಿ ತಾರತಮ್ಯ ತಡೆಯುವ ನೀತಿ ರೂಪಿಸುವವರು. ಸಂಬಳದ ಸರಾಸರಿ ತೋರಿಸುವ ಜಾಲತಾಣಗಳು ಈ ಎರಡನ್ನೂ ಒಂದೇ ಗೋಣಿಯಲ್ಲಿ ತುಂಬಿದರೆ ಆ ಸರಾಸರಿಗೆ ಅರ್ಥವೇ ಇರುವುದಿಲ್ಲ. ಭಾರತದಲ್ಲಿಯೂ ಇಂಥದ್ದೇ ಗೊಂದಲ ಉಂಟು. ನಮ್ಮ ಸುಂಕ ಇಲಾಖೆಯ ಗಣಕ ವ್ಯವಸ್ಥೆಯ ಹೆಸರಿನಲ್ಲೇ ಇಡಿಐ ಇರುವುದರಿಂದ, ಮಂಗಳೂರು, ಚೆನ್ನೈನಂತಹ ಬಂದರು ನಗರಗಳಲ್ಲಿ ‘ಇಡಿಐ ಎಕ್ಸಿಕ್ಯೂಟಿವ್’ ಎಂದರೆ ಕಸ್ಟಮ್ಸ್ ಬ್ರೋಕರ್ ಕಚೇರಿಯಲ್ಲಿ ಕುಳಿತು ಆ ಇಲಾಖೆಯ ಐಸ್‌ಗೇಟ್ ಜಾಲತಾಣದ ಮೂಲಕ ಆಮದಿನ ಬಿಲ್ ಆಫ್ ಎಂಟ್ರಿ, ರಫ್ತಿನ ಶಿಪ್ಪಿಂಗ್ ಬಿಲ್ ಸಲ್ಲಿಸುವವರು ಎಂದೇ ಸಾಮಾನ್ಯ ಅರ್ಥ. ಅದೂ ಕೌಶಲದ ಕೆಲಸವೇ, ಆದರೆ ಬೆಂಗಳೂರಿನ ಸ್ಟರ್ಲಿಂಗ್ ಡೆವಲಪರ್ ಮಾಡುವ ಕೆಲಸವಲ್ಲ.

ಹಾಗಾದರೆ ನಂಬಬಹುದಾದ ಮೂಲ ಯಾವುದು? ಅಮೆರಿಕದ ಕೆಲವು ರಾಜ್ಯಗಳಲ್ಲಿ ಜಾಹೀರಾತಿನಲ್ಲಿಯೇ ವೇತನದ ಮಿತಿ ಬರೆಯುವುದು ಈಗ ಕಡ್ಡಾಯ. ಕೊಲೊರಾಡೊದಲ್ಲಿ 2021ರಿಂದ, ಕ್ಯಾಲಿಫೋರ್ನಿಯಾ ಮತ್ತು ವಾಷಿಂಗ್ಟನ್ ರಾಜ್ಯಗಳಲ್ಲಿ 2023ರಿಂದ, ಎಸ್‌ಪಿಎಸ್ ಕಾಮರ್ಸ್‌ನ ನೆಲೆಯಾಗಿರುವ ಮಿನ್ನೆಸೋಟದಲ್ಲಿ 2025ರಿಂದ ಈ ನಿಯಮವಿದೆ. ಬೇರೆ ರಾಜ್ಯದಲ್ಲಿ ಕೆಲಸ ಹುಡುಕುವವರೂ ಈ ರಾಜ್ಯಗಳ ಹತ್ತಿಪ್ಪತ್ತು ಜಾಹೀರಾತುಗಳನ್ನು ಓದಿ, ಹೆಸರನ್ನು ಬಿಟ್ಟು ಕೆಲಸದ ವಿವರ ಹೊಂದುವವನ್ನು ಆರಿಸಿ, ಅವುಗಳ ಮಿತಿಯನ್ನು ಬರೆದಿಟ್ಟುಕೊಂಡರೆ ಯಾವ ಸರಾಸರಿಗಿಂತಲೂ ಚೆನ್ನಾದ ಚಿತ್ರ ಸಿಗುತ್ತದೆ.

ಎಚ್-1ಬಿ ವೀಸಾದಲ್ಲಿ ಹೋಗುವ ಕನ್ನಡಿಗರಿಗೆ ಇನ್ನೂ ಒಂದು ಕಿಟಕಿ ತೆರೆದಿದೆ. ಅಂಥವರಿಗಾಗಿ ಕಂಪನಿ ಅಮೆರಿಕದ ಕಾರ್ಮಿಕ ಇಲಾಖೆಗೆ ಸಲ್ಲಿಸುವ ಎಲ್‌ಸಿಎ ಎಂಬ ಅರ್ಜಿಯ ವಿವರಗಳು ಸಾರ್ವಜನಿಕ. ಹುದ್ದೆಯ ಹೆಸರು, ಸರ್ಕಾರಿ ವರ್ಗ, ಊರು, ಕೊಡಲೊಪ್ಪಿದ ವೇತನ, ಆ ಊರಿನಲ್ಲಿ ಆ ವರ್ಗಕ್ಕೆ ಚಾಲ್ತಿಯಲ್ಲಿರುವ ವೇತನ, ಅದರ ಒಂದರಿಂದ (ಅತಿ ಕೆಳಗಿನದು) ನಾಲ್ಕರವರೆಗಿನ ಹಂತ ಎಲ್ಲವೂ ಅದರಲ್ಲಿ ಕಾಣುತ್ತವೆ. ಕಂಪನಿ ಚಾಲ್ತಿ ವೇತನಕ್ಕಾಗಲಿ, ತನ್ನಲ್ಲಿ ಅದೇ ಕೆಲಸದ ಇತರರಿಗೆ ಕೊಡುವ ವೇತನಕ್ಕಾಗಲಿ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕಿಂತ ಕಡಿಮೆ ಕೊಡುವಂತಿಲ್ಲ. ಹತ್ತು ವರ್ಷಗಳ ಅನುಭವಿಯನ್ನು ಒಂದನೆಯ ಹಂತದಲ್ಲಿ ತೋರಿಸಿದ್ದರೆ ಪ್ರಶ್ನೆ ಕೇಳಲು ಅದೊಂದೇ ಸಾಕಷ್ಟು ಕಾರಣ.

ಗಂಟೆಯ ದರ, ವರ್ಷದ ಸಂಬಳ

ಇಡಿಐ ಕೆಲಸದ ದೊಡ್ಡ ಭಾಗ ಗುತ್ತಿಗೆಯಲ್ಲಿ ನಡೆಯುತ್ತದೆ, ಏಕೆಂದರೆ ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ಸಾಗುವ ವರ್ಷದಲ್ಲಿ ಹತ್ತು ಜನ ಬೇಕು, ಆಮೇಲೆ ಇಬ್ಬರು ಸಾಕು. ಗುತ್ತಿಗೆಯಲ್ಲಿ ಮಾತು ಗಂಟೆಯ ದರದಲ್ಲಿ ನಡೆಯುತ್ತದೆ, ಮತ್ತು ಅಲ್ಲಿಯೇ ಹಲವರು ಲೆಕ್ಕ ತಪ್ಪುತ್ತಾರೆ. ಉದಾಹರಣೆಗೆ ಗಂಟೆಗೆ 60 ಡಾಲರ್ ಎಂದಿಟ್ಟುಕೊಳ್ಳೋಣ. ವಾರಕ್ಕೆ 40 ಗಂಟೆಯಂತೆ 52 ವಾರಕ್ಕೆ 2,080 ಗಂಟೆಗಳಾಗಿ, ವರ್ಷಕ್ಕೆ 1,24,800 ಡಾಲರ್ ಬರುತ್ತದೆ. ಆದರೆ ಗುತ್ತಿಗೆಯವರಿಗೆ ಸಾಮಾನ್ಯವಾಗಿ ಸಂಬಳಸಹಿತ ರಜೆ ಇರುವುದಿಲ್ಲ. ಹಬ್ಬ, ಜ್ವರ, ಊರಿನ ಪ್ರಯಾಣ ಎಲ್ಲ ಸೇರಿ ನಾಲ್ಕು ವಾರ ಹೋದರೂ ಅದು 1,15,200ಕ್ಕೆ ಇಳಿಯುತ್ತದೆ. ಸ್ವತಂತ್ರ ಗುತ್ತಿಗೆದಾರರಾಗಿದ್ದರೆ ನೌಕರ ಮತ್ತು ಮಾಲೀಕ ಇಬ್ಬರ ಪಾಲಿನ ಸಾಮಾಜಿಕ ಭದ್ರತೆ ಹಾಗೂ ಮೆಡಿಕೇರ್ ತೆರಿಗೆ, ಒಟ್ಟು ಶೇ 15.3ರ ದರದಲ್ಲಿ, ತಾವೇ ಕಟ್ಟಬೇಕು. ಆರೋಗ್ಯ ವಿಮೆಯನ್ನೂ ತಾವೇ ಕೊಳ್ಳಬೇಕು. ಇಷ್ಟೆಲ್ಲ ಕಳೆದ ಮೇಲೆ, ವಿಮೆ ಮತ್ತು ರಜೆ ಸೇರಿದ ಒಂದು ಲಕ್ಷ ಡಾಲರಿನ ಕಾಯಂ ಹುದ್ದೆಯೇ ಮೇಲೆಂದು ತೋರಿದರೆ ಆಶ್ಚರ್ಯವಿಲ್ಲ. ಇದರ ಜೊತೆಗೆ, ಅಂತಿಮ ಗ್ರಾಹಕನಿಗೂ ಕೆಲಸಗಾರನಿಗೂ ನಡುವೆ ಎರಡು ಮೂರು ದಲ್ಲಾಳಿ ಕಂಪನಿಗಳು ನಿಂತಿದ್ದರೆ, ಪ್ರತಿಯೊಬ್ಬರೂ ಗಂಟೆಯ ದರದಲ್ಲಿ ತಮ್ಮ ಪಾಲು ತೆಗೆದುಕೊಂಡೇ ಮುಂದಕ್ಕೆ ದಾಟಿಸುತ್ತಾರೆ.

ಕಾಯಂ ಹುದ್ದೆಯಲ್ಲಿ ಕೇಳಲೇಬೇಕಾದ ಪ್ರಶ್ನೆ ಹೆಚ್ಚುವರಿ ಗಂಟೆಗಳದು. ಕಡತಗಳು ರಾತ್ರಿಯೂ ಓಡುತ್ತವೆ, ರಾತ್ರಿಯೂ ಬೀಳುತ್ತವೆ. ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಕಂಪ್ಯೂಟರ್ ವೃತ್ತಿಪರರಿಗೆ ಓವರ್‌ಟೈಮ್‌ನಿಂದ ವಿನಾಯಿತಿ ಇದೆ, ಅಂದರೆ ಕಂಪನಿ ಅವರಿಗೆ ಹೆಚ್ಚುವರಿ ಗಂಟೆಗಳ ಹಣ ಕೊಡಬೇಕಿಲ್ಲ. ಆದರೆ ವ್ಯವಸ್ಥೆಯ ವಿಶ್ಲೇಷಣೆ, ವಿನ್ಯಾಸ, ಪ್ರೋಗ್ರಾಮಿಂಗ್ ಇವೇ ಮುಖ್ಯ ಕೆಲಸವಾಗಿದ್ದಾಗ ಮಾತ್ರ ಆ ವಿನಾಯಿತಿ ಅನ್ವಯಿಸುತ್ತದೆ, ಮತ್ತು ಗಂಟೆಯ ಲೆಕ್ಕದಲ್ಲಿ ಪಡೆಯುವವರಿಗೆ ಕನಿಷ್ಠ 27.63 ಡಾಲರ್ ದರವಿರಬೇಕು. ಪರದೆ ನೋಡಿ ಬಿದ್ದ ಕಡತವನ್ನು ಮರಳಿ ಓಡಿಸುವುದಷ್ಟೇ ಕೆಲಸವಾಗಿರುವ ಕೋಆರ್ಡಿನೇಟರನಿಗೆ ‘ಅನಲಿಸ್ಟ್’ ಎಂಬ ಹೆಸರು ಕೊಟ್ಟ ಮಾತ್ರಕ್ಕೆ ಅವನ ಓವರ್‌ಟೈಮ್ ಹಕ್ಕು ಹೋಗುವುದಿಲ್ಲ. ಕಾನೂನು ನೋಡುವುದು ಕೆಲಸವನ್ನು.

ಬೆಂಗಳೂರಿನ ಪಾಳಿ

ಅಮೆರಿಕದ ಈ ಕಡತಗಳಲ್ಲಿ ಒಳ್ಳೆಯ ಪಾಲು ಬೆಂಗಳೂರಿನ ಮೇಲೆ ಹಾದುಹೋಗುತ್ತದೆ. ಟಾರ್ಗೆಟ್, ಲೋಸ್, ವಾಲ್‌ಮಾರ್ಟ್, ಬ್ರಿಟನ್ನಿನ ಟೆಸ್ಕೊ ಮೊದಲಾದ ಚಿಲ್ಲರೆ ದೈತ್ಯರು ಇಲ್ಲಿ ತಮ್ಮದೇ ತಾಂತ್ರಿಕ ಕೇಂದ್ರಗಳನ್ನು ನಡೆಸುತ್ತಿದ್ದಾರೆ. ಸೇವಾ ಕಂಪನಿಗಳು ಇತರರ ವ್ಯವಸ್ಥೆಗಳನ್ನು ಇಲ್ಲಿಂದ ನೋಡಿಕೊಳ್ಳುತ್ತವೆ. ಇಲ್ಲಿ ಹುದ್ದೆಯ ಹೆಸರು ಇನ್ನಷ್ಟು ಮಸುಕಾಗುತ್ತದೆ. ಸೇವಾ ಕಂಪನಿಯ ನೇಮಕಾತಿ ಪತ್ರದಲ್ಲಿ ಇಡಿಐ ಎಂಬ ಶಬ್ದವೇ ಇರುವುದಿಲ್ಲ. ‘ಸಿಸ್ಟಮ್ಸ್ ಎಂಜಿನಿಯರ್’, ‘ಕನ್ಸಲ್ಟಂಟ್’ ಎಂಬ ಶ್ರೇಣಿಯಷ್ಟೇ ಇರುತ್ತದೆ. ಸಂಬಳ ಆ ಶ್ರೇಣಿಯದು, ಕೆಲಸ ಮಾತ್ರ ಇಡಿಐಯದು. ಆದ್ದರಿಂದ ಒಂದೇ ಮೇಜಿನ ಎದುರುಬದುರು ಕುಳಿತ ಇಬ್ಬರಲ್ಲಿ, ಸೇವಾ ಕಂಪನಿಯವನು ಮತ್ತು ಮಳಿಗೆ ಸರಪಳಿಯ ಸ್ವಂತ ಕೇಂದ್ರದವನು, ಒಂದೇ 856ರ ದೋಷವನ್ನು ಬಿಡಿಸುತ್ತಿದ್ದರೂ ಬೇರೆ ಬೇರೆ ಲೋಕದ ಸಂಬಳ ಪಡೆಯುತ್ತಿರಬಹುದು.

ಇಲ್ಲಿಯ ವೇತನವನ್ನು ಡಾಲರಿಗೆ ಪರಿವರ್ತಿಸಿ ಹೋಲಿಸುವುದರಿಂದ ಪ್ರಯೋಜನವಿಲ್ಲ. ಮೊದಲು ಸಿಟಿಸಿ, ಅಂದರೆ ನೌಕರನಿಗಾಗಿ ಕಂಪನಿ ಮಾಡುವ ಒಟ್ಟು ವೆಚ್ಚ, ಎಂಬ ಅಂಕಿಯನ್ನು ಬಿಡಿಸಬೇಕು. ವರ್ಷಕ್ಕೆ 12 ಲಕ್ಷ ರೂಪಾಯಿ ಸಿಟಿಸಿ ಎಂದು ಪತ್ರದಲ್ಲಿದೆ ಎಂದುಕೊಳ್ಳಿ. ಮೂಲ ವೇತನ ಅದರ ಶೇ 40, ಅಂದರೆ 4,80,000 ಆದರೆ, ಕಂಪನಿಯ ಪಾಲಿನ ಭವಿಷ್ಯನಿಧಿ ಶೇ 12ರಂತೆ 57,600, ಗ್ರ್ಯಾಚುಟಿಗೆಂದು ಶೇ 4.81ರಂತೆ 23,088, ಸಾಧನೆಯನ್ನವಲಂಬಿಸಿದ ವೇತನ ಶೇ 10 ಎಂದರೆ 1,20,000. ಇವನ್ನು ಕಳೆದರೆ ಖಚಿತವಾಗಿ ತಿಂಗಳಿಗೆ ಬರುವುದು 83,276. ಅದರಲ್ಲಿ ನೌಕರನ ಪಾಲಿನ ಭವಿಷ್ಯನಿಧಿ 4,800 ಮತ್ತು ವೃತ್ತಿ ತೆರಿಗೆ 200 ಹೋಗಿ, ಆದಾಯ ತೆರಿಗೆಗೆ ಮುಂಚೆ ಉಳಿಯುವುದು 78,276 ರೂಪಾಯಿ. ಪತ್ರ ನೋಡಿದವರಿಗೆ ತಿಂಗಳಿಗೆ ಲಕ್ಷ ಎಂದು ಕಂಡಿತ್ತು. ರಾತ್ರಿ ಪಾಳಿಯ ಭತ್ಯೆ ಈ 12 ಲಕ್ಷದ ಒಳಗಿದೆಯೋ ಹೊರಗಿದೆಯೋ ಎಂಬುದನ್ನು ಲಿಖಿತವಾಗಿ ಕೇಳುವುದು ಒಳ್ಳೆಯದು. ಅಮೆರಿಕದ ಹಗಲು ನಮ್ಮ ರಾತ್ರಿಯಾದ್ದರಿಂದ ಬೆಂಬಲ ತಂಡದಲ್ಲಿ ಆ ಭತ್ಯೆ ಸಣ್ಣ ಮಾತಲ್ಲ.

ಬೆಂಬಲ ತಂಡದಿಂದ ಮೇಲೇರಲು ಇಲ್ಲಿ ಎದುರಾಗುವ ಅಡಚಣೆ ತಾಂತ್ರಿಕವಾದದ್ದಲ್ಲ ಎಂಬುದು ನನ್ನ ಅಭಿಪ್ರಾಯ. ಮ್ಯಾಪ್ ಬರೆಯಲು ಕೆಲವು ತಿಂಗಳಲ್ಲಿ ಕಲಿಯಬಹುದು. ಆದರೆ ಆ ಸಾಗಣೆ ಸೂಚನೆ ಗೋದಾಮಿನಲ್ಲಿ ಯಾರ ಕೈಗೆ ಸಿಗುತ್ತದೆ, ಆ 835ರಲ್ಲಿ ಕಡಿತದ ಸಂಕೇತ ನೋಡಿ ಆಸ್ಪತ್ರೆಯ ಲೆಕ್ಕಿಗ ಏನು ಮಾಡುತ್ತಾನೆ ಎಂಬುದನ್ನು ಬೆಂಗಳೂರಿನಲ್ಲಿ ಕುಳಿತು ಕಾಣುವ ಅವಕಾಶ ಕಡಿಮೆ. ವ್ಯಾಪಾರದ ಆ ತುದಿಯನ್ನು ಪ್ರಶ್ನೆ ಕೇಳಿ ಕೇಳಿ ಅರಿತವರೇ ಬಿಸಿನೆಸ್ ಅನಲಿಸ್ಟ್, ಆರ್ಕಿಟೆಕ್ಟ್ ಹುದ್ದೆಗಳಿಗೆ ಹೋಗುತ್ತಾರೆ.

ಹೆಸರು ಬದಲಾಗುತ್ತಿದೆ

ಎಪಿಐ, ಅಂದರೆ ಒಂದು ತಂತ್ರಾಂಶ ಇನ್ನೊಂದನ್ನು ನೇರವಾಗಿ ಕೇಳಿ ಉತ್ತರ ಪಡೆಯುವ ವಿಧಾನ, ಬಂದ ಮೇಲೆ ಇಡಿಐ ಸತ್ತಿತು ಎಂಬ ಮಾತು ಬಹಳ ಕಾಲದಿಂದ ಕೇಳಿಬರುತ್ತಿದೆ, ಮತ್ತು ಅಷ್ಟೂ ಕಾಲ 850 ಓಡುತ್ತಲೇ ಇದೆ. ಸಾವಿರಾರು ಪೂರೈಕೆದಾರರು ಒಪ್ಪಿಕೊಂಡ ನಮೂನೆಯನ್ನು ಬದಲಿಸುವ ಖರ್ಚನ್ನು ಯಾರೂ ಹೊರಲು ಮುಂದಾಗುವುದಿಲ್ಲ. ಅದರ ಮೇಲೆ ಸರ್ಕಾರಗಳೇ ಈಗ ಹೊಸ ಬಗೆಯ ದಾಖಲೆ ವಿನಿಮಯವನ್ನು ಹೇರುತ್ತಿವೆ. ಭಾರತದಲ್ಲಿ 2020ರ ಅಕ್ಟೋಬರ್ 1ರಿಂದ 500 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳಿಗೆ ಆರಂಭವಾದ ಜಿಎಸ್‌ಟಿ ಇ-ಇನ್‌ವಾಯ್ಸ್ 2023ರ ಆಗಸ್ಟ್ 1ರ ಹೊತ್ತಿಗೆ 5 ಕೋಟಿ ಮೀರಿದವರನ್ನೂ ಒಳಗೊಂಡಿತು. ಇಟಲಿ 2019ರಲ್ಲಿ, ಬೆಲ್ಜಿಯಂ 2026ರ ಜನವರಿಯಿಂದ ಕಂಪನಿಗಳ ನಡುವಿನ ಬಿಲ್ಲುಗಳಿಗೆ ಇಂಥದ್ದೇ ಕಡ್ಡಾಯ ತಂದಿವೆ. ಸ್ಯಾಪ್‌ನ ಹಳೆಯ ಇಸಿಸಿ ವ್ಯವಸ್ಥೆಗೆ ಮುಖ್ಯ ನಿರ್ವಹಣೆ 2027ರ ಕೊನೆಗೆ ನಿಲ್ಲಲಿರುವುದರಿಂದ, ಹೊಸ ವ್ಯವಸ್ಥೆಗೆ ಸಾಗುವ ಪ್ರತಿ ಕಂಪನಿಯೂ ತನ್ನ ಇಡಿಐ ಕೊಂಡಿಗಳನ್ನು ಒಂದೊಂದಾಗಿ ಪರೀಕ್ಷಿಸಬೇಕಾಗಿದೆ.

ಆದರೆ ಈ ಕೆಲಸಗಳು ‘ಇಡಿಐ ಡೆವಲಪರ್’ ಎಂಬ ಹೆಸರಿನಲ್ಲಿಯೇ ಬರುತ್ತವೆಂದು ಕಾಯಬಾರದು. ‘ಇಂಟಿಗ್ರೇಷನ್ ಎಂಜಿನಿಯರ್’, ‘ಬಿ2ಬಿ ಇಂಟಿಗ್ರೇಷನ್ ಡೆವಲಪರ್’, ‘ಸ್ಯಾಪ್ ಇಂಟಿಗ್ರೇಷನ್ ಕನ್ಸಲ್ಟಂಟ್’ ಎಂಬ ಶೀರ್ಷಿಕೆಯ ಜಾಹೀರಾತನ್ನು ಕೊನೆಯವರೆಗೆ ಓದಿದರೆ, ಎಪಿಐ, ಕ್ಲೌಡ್ ಎಂಬ ಹೊಸ ಶಬ್ದಗಳೆಲ್ಲ ಮುಗಿದ ಮೇಲೆ, ಏಳನೆಯದೋ ಎಂಟನೆಯದೋ ಸಾಲಿನಲ್ಲಿ 850, 856, 810 ಎಂಬ ಪರಿಚಿತ ಅಂಕಿಗಳು ಸಿಗುತ್ತವೆ. ಮೇಲಿನ ಆರು ಸಾಲುಗಳಲ್ಲಿ ಎರಡನ್ನಾದರೂ ಕಲಿತಿರುವ ಹಳೆಯ ಇಡಿಐ ಅನಲಿಸ್ಟ್ ಅರ್ಜಿ ಹಾಕಬೇಕಾದದ್ದು ಆ ಜಾಹೀರಾತಿಗೆ, ಏಕೆಂದರೆ ಅದರ ವೇತನದ ಮಿತಿಯನ್ನು ನಿಗದಿ ಮಾಡುವಾಗ ಕಂಪನಿ ತೆರೆದದ್ದು ಡೆವಲಪರುಗಳ ಪಟ್ಟಿಯಾಗಿರುವ ಸಾಧ್ಯತೆಯೇ ಹೆಚ್ಚು.